ನೋಡಿದ್ದು ಸಾಕು, ರಿಮೋಟ್ ಕೊಡಿ

ಮಾನ್ಯ ಸಂಪಾದಕರೇ,

ಮಕ್ಕಳು, ಮೊಬೈಲು, ಗೇಮು ಈ ಮೂರರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು, ವಾಚಕರ ಪತ್ರಗಳನ್ನು ನಾನು ಬಿಡದೆ ಓದುತ್ತೇನೆ. ಎಲ್ಲರ ದೂರೂ ಹೆಚ್ಚುಕಮ್ಮಿ ಒಂದೇ. ಮಕ್ಕಳು ಇಡೀ ದಿನ ಗೇಮ್ ಆಡುತ್ತವೆ, ಓದುವುದಿಲ್ಲ, ಹಾಳಾಗುತ್ತಿವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, 11 ವರ್ಷದ ಹುಡುಗನ ತಾಯಿ. ನಾನು ಕಂಡಿದ್ದು ಬೇರೆ. ನಮ್ಮ ಮಕ್ಕಳಲ್ಲಿ ತುಂಬ ಜನ ಗೇಮ್ ಆಡುತ್ತಲೇ ಇಲ್ಲ. ಯಾರೋ ಆಡುವುದನ್ನು ನೋಡುತ್ತಾ ಕೂತಿದ್ದಾರೆ. ಎರಡೂ ಒಂದೇ ಅಂತ ನಾವು ದೊಡ್ಡವರು ತಿಳಿದುಕೊಂಡುಬಿಟ್ಟಿದ್ದೇವೆ. ಪತ್ರ ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಕತ್ತರಿಸದೆ ಹಾಕಿ.

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಐದು ಮಕ್ಕಳಿದ್ದರು. ಹಾಲ್‌ನಲ್ಲಿ ಒಂದು ಮೊಬೈಲ್ ಸುತ್ತ ಐದೂ ತಲೆ. ಮೊಬೈಲ್ ಒಳಗಿಂದ ಒಬ್ಬ ಹುಡುಗನ ದನಿ, ಕನ್ನಡದಲ್ಲೇ, ಜೋರಾಗಿ, ಒಂದೇ ಸಮ. ನಾನು ಹೋಗಿ ನೋಡಿದರೆ ಮೈನ್‌ಕ್ರಾಫ್ಟ್, ನೆಲ ಅಗೆದು ಮನೆಗಿನೆ ಕಟ್ಟುವ ಗೇಮ್. ಆತ ಗುಹೆಯೊಳಗೆ ಇಳಿಯುತ್ತಿದ್ದ, ಇವರು ಉಸಿರು ಹಿಡಿದು ನೋಡುತ್ತಿದ್ದರು. ಒಂದೂವರೆ ಗಂಟೆ ಆದಮೇಲೂ ಹಾಗೇ ಇದ್ದರು. "ಇದನ್ನ ನೀವು ಯಾವತ್ತಾದರೂ ಆಡಿದ್ದೀರಾ?" ಅಂತ ಕೇಳಿದೆ. "ಇಲ್ಲ ಅಮ್ಮ. ಆದ್ರೆ ಎಲ್ಲ ಗೊತ್ತು" ಅಂದ ನನ್ನ ಮಗ.

ಎಲ್ಲ ಗೊತ್ತು. ಈ ಮಾತನ್ನು ನಾನೂ ಹೇಳುತ್ತಿದ್ದೆ, ಅವನ ವಯಸ್ಸಿನಲ್ಲಿ.

1996ರ ಮಾತು. ನಾವಾಗ ಅರಸೀಕೆರೆಯಲ್ಲಿದ್ದೆವು. ಅಣ್ಣನಿಗೆ ಅಪ್ಪ ಒಂದು ಟಿವಿ ಗೇಮ್ ತಂದುಕೊಟ್ಟಿದ್ದರು. ಆ ಕಾಲದಲ್ಲಿ ಬೆಳೆದವರಿಗೆಲ್ಲ ಗೊತ್ತಿರುತ್ತೆ. ಹಳದಿ ಬಣ್ಣದ ಕ್ಯಾಸೆಟ್, ಅದರ ಮೇಲೆ ಸಾವಿರಾರು ಗೇಮ್ ಇದೆ ಅಂತ ಬರೆದಿರುತ್ತಿತ್ತು, ಹಾಕಿ ನೋಡಿದರೆ ಅದೇ ಹತ್ತಿಪ್ಪತ್ತು ಗೇಮ್ ಮತ್ತೆ ಮತ್ತೆ. ಅದು ಜಪಾನಿನ ನಿಂಟೆಂಡೊ ಕಂಪನಿಯ ಡಬ್ಬಿಯ ನಕಲು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಎರಡು ರಿಮೋಟ್ ಇತ್ತು. ಕಂಟ್ರೋಲರ್ ಅನ್ನುವ ಮಾತು ನಮಗೆ ಆಗ ಗೊತ್ತಿರಲಿಲ್ಲ, ನಮಗೆ ಅದು ರಿಮೋಟ್. ಒಂದು ಅಣ್ಣನಿಗೆ, ಇನ್ನೊಂದು ಅವನ ಗೆಳೆಯನಿಗೆ. ನನಗೆ ನೋಡುವ ಕೆಲಸ. "ನೀನು ನೋಡ್ತಿರು, ನಂದು ಔಟ್ ಆದಮೇಲೆ ಕೊಡ್ತೀನಿ" ಅನ್ನುತ್ತಿದ್ದ. ಔಟ್ ಆಗುವ ಹೊತ್ತಿಗೆ ಕರೆಂಟ್ ಹೋಗಿರುತ್ತಿತ್ತು, ಇಲ್ಲಾ ಅಮ್ಮ ಒಳಗಿಂದ ನನ್ನನ್ನು ಕರೆಯುತ್ತಿದ್ದರು. ಅಣ್ಣನನ್ನಲ್ಲ, ನನ್ನನ್ನು.

ಹಾಗೆ ಸುಮಾರು ಒಂದು ವರ್ಷ ನೋಡಿದೆ. ಅದರಲ್ಲಿದ್ದ ಮಾರಿಯೋ ಗೇಮಿನ ಯಾವ ಪೈಪಿನೊಳಗೆ ಇಳಿದರೆ ನಾಣ್ಯ ಸಿಗುತ್ತೆ, ಯಾವ ಇಟ್ಟಿಗೆಯೊಳಗೆ ಲೈಫ್ ಇದೆ, ಎಲ್ಲಿ ಬೆಂಕಿ ಸುತ್ತುತ್ತೆ, ಎಲ್ಲ ಬಾಯಿಪಾಠ. ಅಣ್ಣ ಆಡುವಾಗ ಪಕ್ಕದಲ್ಲಿ ಕೂತು ನಾನೇ ಹೇಳುತ್ತಿದ್ದೆ, ಈಗ ಹಾರು, ಈಗ ನಿಲ್ಲು ಅಂತ. ಒಂದು ದಿನ ಅವನಿಗೆ ಜ್ವರ. ರಿಮೋಟ್ ನನ್ನ ಕೈಗೆ ಬಂತು. ಆಟದ ಶುರುವಿನಲ್ಲೇ ಎದುರಿಗೆ ಬರುವ ಆ ಕಂದು ಬಣ್ಣದ ಅಣಬೆಯಂಥ ಪ್ರಾಣಿ ಇದೆಯಲ್ಲ, ಅದಕ್ಕೇ ತಾಗಿ ಸತ್ತೆ. ಮತ್ತೆ ಹಾಕಿದೆ, ಮತ್ತೆ ಅಲ್ಲೇ. ಮೂರು ಲೈಫೂ ಅಲ್ಲೇ ಮುಗಿದವು. ಆ ಮಧ್ಯಾಹ್ನ ನನಗೆ ಅಳು ಬಂದಿದ್ದು ಇವತ್ತಿಗೂ ನೆನಪಿದೆ. ಒಂದು ವರ್ಷ ಕಣ್ಣಿಟ್ಟು ನೋಡಿದವಳಿಗೆ ಹಾರುವುದು ಹೇಗೆ ಅಂತಲೇ ಗೊತ್ತಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ, ಮುಖ್ಯವಾದ ವಿಷಯ ಇರುವುದೇ ಇಲ್ಲಿ. ಮಾರಿಯೋದಲ್ಲಿ ಹಾರುವ ಗುಂಡಿ ಒಂದೇ. ಆದರೆ ಅದನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ ಅನ್ನುವುದರ ಮೇಲೆ ಎತ್ತರ ಹೆಚ್ಚುಕಡಿಮೆ ಆಗುತ್ತೆ. ಸುಮ್ನೆ ತಟ್ಟಿದರೆ ಗೇಣುದ್ದ, ಒತ್ತಿ ಹಿಡಿದರೆ ಆಳೆತ್ತರ. ಓಡುತ್ತಾ ಬಂದು ಹಾರಿದರೆ ಇನ್ನೂ ದೂರ, ಓಡುವುದಕ್ಕೆ ಇನ್ನೊಂದು ಗುಂಡಿ, ಅದನ್ನು ಬಿಡದೆ ಹೆಬ್ಬೆರಳನ್ನೇ ಸ್ವಲ್ಪ ವಾಲಿಸಿ ಈ ಗುಂಡಿಯನ್ನೂ ಒತ್ತಬೇಕು. ಗಾಳಿಯಲ್ಲಿದ್ದಾಗಲೂ ಅವನನ್ನು ಹಿಂದಕ್ಕೆ ಎಳೆಯಬಹುದು. ಇದರಲ್ಲಿ ಯಾವುದಾದರೂ ಟಿವಿ ಪರದೆಯ ಮೇಲೆ ಕಾಣುತ್ತಾ? ಕಾಣುವುದು ಮಾರಿಯೋ ಹಾರಿದ ಅನ್ನುವುದು ಮಾತ್ರ. ನಾನು ಒಂದು ವರ್ಷ ನೋಡಿದ್ದು ಪರದೆಯನ್ನು. ಆಟ ಇದ್ದದ್ದು ಅಣ್ಣನ ಹೆಬ್ಬೆರಳಲ್ಲಿ.

ಮಾರಿಯೋ ಗೇಮ್ ಮಾಡಿದ ಶಿಗೆರು ಮಿಯಾಮೊಟೊ ಮತ್ತವರ ಜೊತೆಯವರು 1985ರಲ್ಲಿ ಆ ಮೊದಲ ಸ್ಟೇಜನ್ನು ಕಟ್ಟಿದ್ದೇ ಆಡುವವರಿಗೆ ಪಾಠ ಆಗಲಿ ಅಂತ. ಹೀಗೆ ಮಾಡು, ಹಾಗೆ ಮಾಡು ಅಂತ ಒಂದು ಅಕ್ಷರವೂ ಇಲ್ಲ. ಆ ಪ್ರಾಣಿ ಮೊದಲು ಬರುತ್ತೆ, ಹಾರಲೇಬೇಕು, ಇಲ್ಲದಿದ್ದರೆ ಸಾಯುತ್ತೀರಿ. ಸತ್ತರೂ ದೊಡ್ಡ ನಷ್ಟವಿಲ್ಲ, ಎರಡು ಹೆಜ್ಜೆ ಹಿಂದೆ ಮಾತ್ರ. ಆಮೇಲೆ ಇಟ್ಟಿಗೆಯೊಳಗಿಂದ ಒಂದು ಒಳ್ಳೆಯ ಅಣಬೆ ಬರುತ್ತೆ, ಅದು ಆ ಕಡೆಗೆ ಹೋಗಿ ಪೈಪಿಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತೆ, ತಪ್ಪಿಸಿಕೊಳ್ಳೋಣ ಅಂದರೂ ಆಗದ ಹಾಗೆ ಜಾಗ ಮಾಡಿದ್ದಾರೆ. ತಾಗಿದ ಕೂಡಲೇ ದೊಡ್ಡವರಾಗುತ್ತೀರಿ. ಇದು ಕೆಟ್ಟದ್ದಲ್ಲ ಅಂತ ಗೊತ್ತಾಯಿತು ಅಲ್ವಾ? ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟು ಚೆನ್ನಾಗಿ ಕಟ್ಟಿದ ಪಾಠವನ್ನು ನಾನು ಕಂಡಿದ್ದು ಕಡಿಮೆ. ಆದರೆ ಈ ಪಾಠ ಆಗುವುದು ಆಡುವವರಿಗೆ ಮಾತ್ರ. ಪಕ್ಕದಲ್ಲಿ ಕೂತವರಿಗೆ ಇದು ಬರೀ ಓಡುತ್ತಿರುವ ಬೊಂಬೆ.

ಬಿ.ಎಡ್ ಓದುವಾಗ ಮನಃಶಾಸ್ತ್ರದ ಪಾಠದಲ್ಲಿ ಒಂದು ಪ್ರಯೋಗ ಬಂದಿತ್ತು. 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಅನ್ನುವವರು ಬೆಕ್ಕಿನ ಮರಿಗಳ ಮೇಲೆ ಮಾಡಿದ್ದು. ಮರಿಗಳನ್ನು ಕತ್ತಲಲ್ಲಿ ಬೆಳೆಸಿ, ದಿನಕ್ಕೆ ಕೆಲವು ಗಂಟೆ ಮಾತ್ರ ಬೆಳಕಿಗೆ ತರುತ್ತಿದ್ದರು. ಆಗಲೂ ಎರಡೆರಡು ಮರಿಗಳನ್ನು ತಕ್ಕಡಿಯಂಥ ಒಂದು ಸಾಧನದ ಎರಡು ತುದಿಗೆ ಕಟ್ಟುತ್ತಿದ್ದರು. ಒಂದು ಮರಿ ತನ್ನ ಕಾಲ ಮೇಲೆ ನಡೆಯುತ್ತದೆ. ಇನ್ನೊಂದು ಸಣ್ಣ ತೊಟ್ಟಿಲಿನಂಥದ್ದರಲ್ಲಿ ಕೂತಿರುತ್ತದೆ. ಮೊದಲನೆಯದು ನಡೆದಂತೆ ಎರಡನೆಯದೂ ಸುತ್ತುತ್ತದೆ. ಎರಡಕ್ಕೂ ಕಾಣುವ ದೃಶ್ಯ ಹೆಚ್ಚುಕಮ್ಮಿ ಒಂದೇ. ಹೀಗೆ ಕೆಲವು ದಿನ ನಡೆಸಿ ಪರೀಕ್ಷೆ ಮಾಡಿದರು. ನಡೆದ ಮರಿಯನ್ನು ಮೇಜಿನ ಮೇಲೆ ಇಳಿಸಲು ಹೋದರೆ ತಾನಾಗಿ ಮುಂಗಾಲು ಚಾಚುತ್ತಿತ್ತು, ಆಳವಿದ್ದ ಕಡೆ ಕಾಲಿಡುತ್ತಿರಲಿಲ್ಲ. ತೊಟ್ಟಿಲಲ್ಲಿ ಕೂತು ನೋಡಿದ ಮರಿಗೆ ಇದು ಬರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು. ನೋಡಿದ್ದೂ ಅಷ್ಟನ್ನೇ. ಆಮೇಲೆ ಬೆಳಕಿನಲ್ಲಿ ತಾನಾಗಿ ಓಡಾಡಲು ಬಿಟ್ಟ ಮೇಲೆ ಅದೂ ಕಲಿಯಿತು. ಮರಿಗಳನ್ನು ಹೀಗೆ ಕತ್ತಲಲ್ಲಿಟ್ಟಿದ್ದು ನನಗೆ ಈಗಲೂ ಸಂಕಟ. ಬೆಕ್ಕಿನ ಮರಿಯ ಕಣ್ಣಿನ ವಿಷಯವನ್ನು ತಂದು ಮಕ್ಕಳ ಗೇಮಿಗೆ ನೇರವಾಗಿ ಅಂಟಿಸುವುದೂ ಸರಿಯಲ್ಲ. ಆದರೆ ಹಾಲ್‌ನಲ್ಲಿ ಮೊಬೈಲ್ ಸುತ್ತ ಕೂತಿದ್ದ ಆ ಐದು ತಲೆ ಕಂಡಾಗ ನನಗೆ ನೆನಪಾಗಿದ್ದು ಆ ತೊಟ್ಟಿಲ ಮರಿಗಳೇ.

ಇನ್ನೊಂದು ಅಧ್ಯಯನದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನೆ ಬವೇಲಿಯೆ ಪ್ರಕಟಿಸಿದ್ದು. ಗೇಮ್ ಆಡಿ ಅಭ್ಯಾಸವಿಲ್ಲದವರಿಗೆ ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಆಡಿಸಿದರು. ಕೆಲವರಿಗೆ ವೇಗದ ಯುದ್ಧದ ಆಟ, ಕೆಲವರಿಗೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್. ವೇಗದ ಆಟ ಆಡಿದವರ ಕಣ್ಣಿನ ಗಮನ ಹತ್ತೇ ದಿನದಲ್ಲಿ ಹೆಚ್ಚು ಚುರುಕಾಗಿತ್ತು. ಅವರನ್ನು ಕೂರಿಸಿ ವಿಡಿಯೊ ತೋರಿಸಲಿಲ್ಲ, ಆಡಿಸಿದರು.

ಸರಿ, ನಮ್ಮ ಮನೆಯ ಕಥೆಗೆ ಬರುತ್ತೇನೆ. ನಮ್ಮಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲೇ ಮೈನ್‌ಕ್ರಾಫ್ಟ್ ಹಾಕಿಸಿಕೊಟ್ಟು ಮಗನನ್ನು ಕೂರಿಸಿದೆ. ಅವನು ವಿಡಿಯೊ ನೋಡಿ ನೋಡಿ ಕಲಿತಿದ್ದ ಒಂದು ನಿಯಮ ಇತ್ತು, ಮೈನ್‌ಕ್ರಾಫ್ಟ್ ನೋಡುವ ಮಕ್ಕಳೆಲ್ಲ ಹೇಳುವಂಥದ್ದು. ನಿಂತ ಜಾಗದಲ್ಲೇ ನೇರ ಕೆಳಗೆ ಅಗೆಯಬಾರದು. ಅವನೇ ನನಗೆ ಹತ್ತು ಸಲ ಹೇಳಿದ್ದ. ಎರಡನೇ ದಿನ ಏನು ಮಾಡಿದ ಗೊತ್ತಾ? ನೇರ ಕೆಳಗೆ ಅಗೆದ. ಕಾಲ ಕೆಳಗೆ ಲಾವಾ ಇತ್ತು. ಬಿದ್ದ, ಎರಡು ದಿನ ಕೂಡಿಸಿದ ಕಬ್ಬಿಣ, ಕಲ್ಲಿದ್ದಲು, ಗುದ್ದಲಿ ಎಲ್ಲ ಸುಟ್ಟುಹೋಯಿತು. ಹತ್ತು ನಿಮಿಷ ಮಾತಾಡಲಿಲ್ಲ. ನಾನೂ ಏನೂ ಅನ್ನಲಿಲ್ಲ. ಮಾರನೇ ದಿನ ನೋಡುತ್ತೇನೆ, ಮೆಟ್ಟಿಲು ಮೆಟ್ಟಿಲಾಗಿ ಅಗೆಯುತ್ತಾ ಹೋಗುತ್ತಿದ್ದಾನೆ, ಅಲ್ಲಲ್ಲಿ ಗೋಡೆಗೆ ಪಂಜು ಸಿಕ್ಕಿಸುತ್ತಿದ್ದಾನೆ, ಅದೂ ಬರುವಾಗ ಎಡಕ್ಕೆ ಕಾಣುವ ಹಾಗೆ. ಯಾಕೆ ಅಂತ ಕೇಳಿದರೆ, "ಹೋಗುವಾಗ ಬಲಗಡೆ ಹಚ್ಚಿದರೆ ವಾಪಸ್ ಬರುವಾಗ ಎಡಗಡೆ ಇರುತ್ತಮ್ಮ, ದಾರಿ ತಪ್ಪಲ್ಲ" ಅಂದ. ಅದನ್ನೂ ಎಲ್ಲೋ ನೋಡಿದ್ದನೋ ಏನೋ. ಆದರೆ ಈಗ ಅದು ಅವನದ್ದು. ಕತ್ತಲಲ್ಲಿ ಒಮ್ಮೆ ಅರ್ಧ ಗಂಟೆ ದಾರಿ ತಪ್ಪಿ ಅಲೆದ ಮೇಲೆ ಬಂದ ಬುದ್ಧಿ.

ದಾರಿ ತಪ್ಪುವುದು ಅಂದೆನಲ್ಲ, ನೋಡುವ ಮಕ್ಕಳಿಗೆ ಅದು ಯಾವತ್ತೂ ಸಿಗುವುದಿಲ್ಲ. ವಿಡಿಯೊ ಮಾಡುವವರು ದಾರಿ ತಪ್ಪಿದ ಭಾಗವನ್ನು ಕತ್ತರಿಸಿ ಹಾಕಿರುತ್ತಾರೆ. ಅವರನ್ನು ದೂರುವುದಿಲ್ಲ, ಬೇಜಾರು ಹಿಡಿಸುವುದನ್ನು ಯಾರು ನೋಡುತ್ತಾರೆ? ಆದರೆ ಆ ಕತ್ತರಿಸಿದ ತುಂಡಿನಲ್ಲೇ ಆಟದ ಮುಕ್ಕಾಲು ಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ನಿಂತಿರುವುದು, ಬೆಟ್ಟ ಹತ್ತಿ ಸೂರ್ಯ ಎಲ್ಲಿದ್ದಾನೆ ಅಂತ ನೋಡುವುದು, ಇನ್ನೇನು ಕತ್ತಲಾಗುತ್ತೆ ಅಂತ ಎದೆ ಹೊಡೆದುಕೊಳ್ಳುವುದು. ಆ ಆಟದಲ್ಲಿ ಒಂದು ಹಗಲು-ರಾತ್ರಿ ಅಂದರೆ 20 ನಿಮಿಷ, ಕತ್ತಲಾದರೆ ಭೂತಗಳು ಹೊರಗೆ ಬರುತ್ತವೆ. ಮೊದಲ ಸಂಜೆ ಮಗ ಮಣ್ಣಿನಲ್ಲಿ ಒಂದು ಗುಂಡಿ ತೋಡಿ, ತಲೆ ಮೇಲೆ ಮಣ್ಣು ಮುಚ್ಚಿಕೊಂಡು, ಬೆಳಗಾಗುವವರೆಗೆ ಒಳಗೇ ಕೂತಿದ್ದ. ಹೊರಗೆ ಏನೋ ಗುರುಗುಟ್ಟುತ್ತಿತ್ತು. ಇವನು ಕುರ್ಚಿ ಮೇಲೆ ಕಾಲು ಮಡಚಿಕೊಂಡು ಕೂತಿದ್ದ.

ಇನ್ನೊಂದು ಆಟದ ಬಗ್ಗೆ ಹೇಳಲೇಬೇಕು. 2013ರಲ್ಲಿ ಸ್ವೀಡನ್‌ನ ಸ್ಟಾರ್‌ಬ್ರೀಜ್ ಕಂಪನಿ ತಂದ 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್'. ನಿರ್ದೇಶಕ ಜೋಸೆಫ್ ಫಾರೆಸ್. ಆಡದವರು ಇದರ ಕೊನೆ ತಿಳಿಯಬಾರದು ಅಂದರೆ ಮುಂದಿನ ಪ್ಯಾರಾ ಬಿಟ್ಟು ಓದಿ. ಖಾಯಿಲೆ ಬಿದ್ದ ಅಪ್ಪನಿಗೆ ಔಷಧಿ ತರಲು ಹೊರಟ ಅಣ್ಣ ತಮ್ಮಂದಿರ ಕಥೆ. ಆಡುವವರು ಒಬ್ಬರೇ. ಎಡಗೈ ಅಣ್ಣನನ್ನು ನಡೆಸುತ್ತದೆ, ಬಲಗೈ ತಮ್ಮನನ್ನು. ಶುರುವಿನಲ್ಲಿ ತಲೆ ಕೆಟ್ಟುಹೋಗುತ್ತೆ. ಎರಡು ಕೈ ಎರಡು ಕೆಲಸ ಮಾಡಬೇಕು, ಅಕ್ಕಿ ಆರಿಸುತ್ತಾ ಹಾಲು ಉಕ್ಕದಂತೆ ನೋಡಿಕೊಂಡ ಹಾಗೆ. ಗಂಟೆ ಕಳೆದ ಮೇಲೆ ಕೈಗಳೇ ಅಣ್ಣ ತಮ್ಮ ಆಗಿಬಿಡುತ್ತವೆ. ತಮ್ಮನಿಗೆ ನೀರು ಅಂದರೆ ಭಯ, ಅವನ ತಾಯಿ ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ. ನೀರು ಬಂದಾಗೆಲ್ಲ ಅಣ್ಣನ ಬೆನ್ನು ಹಿಡಿದು ದಾಟುತ್ತಾನೆ.

ಕೊನೆಗೆ ಅಣ್ಣ ಸಾಯುತ್ತಾನೆ. ಆಮೇಲೆ ಎಡಗೈಗೆ ಕೆಲಸವಿಲ್ಲ. ಆ ಕೈ ಸುಮ್ನೆ ಇರುತ್ತೆ. ತಮ್ಮ ಒಬ್ಬನೇ ಮನೆ ಕಡೆ ಬರುವಾಗ ಅಡ್ಡಕ್ಕೆ ನೀರು. ಅವನ ಗುಂಡಿ ಎಷ್ಟು ಒತ್ತಿದರೂ ಅವನು ಇಳಿಯುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ, ಬೇರೆ ದಾರಿ ಕಾಣದೆ, ಎಡಗೈಯ ಗುಂಡಿ ಒತ್ತುತ್ತೀರಿ. ಸತ್ತುಹೋದ ಅಣ್ಣನ ಗುಂಡಿ. ತಮ್ಮ ನೀರಿಗೆ ಇಳಿದು ಈಜುತ್ತಾನೆ. ನಾನು ಇದನ್ನು 2020ರ ಲಾಕ್‌ಡೌನ್‌ನಲ್ಲಿ ಆಡಿದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ. ಆ ಕ್ಷಣದಲ್ಲಿ ನನ್ನ ಎಡಗೈ ನಡುಗಿತು. ಇದೇ ಭಾಗವನ್ನು ನನ್ನ ತಂಗಿಗೆ ಯೂಟ್ಯೂಬ್‌ನಲ್ಲಿ ತೋರಿಸಿದೆ. "ಈಜಿದ, ಪಾಪ" ಅಂದಳು. ಅವಳ ತಪ್ಪೇನೂ ಇಲ್ಲ. ಪರದೆಯಲ್ಲಿ ಕಾಣುವುದು ಒಬ್ಬ ಹುಡುಗ ಈಜುವುದು ಮಾತ್ರ. ಆ ಕಥೆಯ ಜೀವ ಇರುವುದು ಆಡುವವರ ಎಡಗೈಯಲ್ಲಿ. ಅಷ್ಟು ಹೊತ್ತು ಆ ಕೈಯನ್ನು ಅಣ್ಣನಿಗೆ ಕೊಟ್ಟವರಿಗೆ ಮಾತ್ರ ಅದು ಗೊತ್ತು.

ಯಾರಾದರೂ ಕೇಳಬಹುದು, ನಾವು ಕ್ರಿಕೆಟ್ ನೋಡುವುದಿಲ್ಲವೇ, ಅದೇನು ತಪ್ಪೇ ಅಂತ. ತಪ್ಪಲ್ಲ. ಆದರೆ ಕ್ರಿಕೆಟ್ ನೋಡುವ ನಮ್ಮೂರಿನ ಎಷ್ಟೋ ಜನ ಒಂದು ಕಾಲಕ್ಕೆ ಬೀದಿಯಲ್ಲಿ, ಗದ್ದೆಯಲ್ಲಿ ಆಡಿದವರು. ತೆಂಗಿನ ಮಟ್ಟೆ ಹಿಡಿದು ರಬ್ಬರ್ ಚೆಂಡು ಹೊಡೆದವರು. ಟಿವಿಯಲ್ಲಿ ಯಾರೋ ಕ್ಯಾಚ್ ಹಿಡಿದರೆ ಅವರ ಅಂಗೈ ಚುರ್ ಅನ್ನುತ್ತೆ. ನೋಡುವುದಕ್ಕೆ ಅರ್ಥ ಬರುವುದು ಆಡಿದ ಮೇಲೆ. ಗೇಮ್ ವಿಷಯದಲ್ಲೂ ನಾನು ಹೇಳುವುದು ಅಷ್ಟೇ. ಮೊದಲು ಆಡಲಿ, ಆಮೇಲೆ ನೋಡಲಿ.

ಆ ರೀತಿ ನೋಡಿದರೆ ಏನಾಗುತ್ತೆ ಅನ್ನುವುದಕ್ಕೆ ಉದಾಹರಣೆ ಇದೆ. ನಿಂಟೆಂಡೊ 1989ರಲ್ಲಿ ತಂದ ಟೆಟ್ರಿಸ್ ಆಟ ಮುಗಿಯುವುದೇ ಇಲ್ಲ ಅಂತ ಎಲ್ಲರೂ ತಿಳಿದಿದ್ದರು. ಒಂದು ಹಂತ ದಾಟಿದ ಮೇಲೆ ತುಂಡುಗಳು ಎಷ್ಟು ವೇಗವಾಗಿ ಬೀಳುತ್ತವೆ ಅಂದರೆ ಬೆರಳು ಹಿಂದೆ ಬೀಳುತ್ತೆ. ಆಮೇಲೆ ಆಟಗಾರರೇ ಒಂದು ಹೊಸ ಉಪಾಯ ಕಂಡುಕೊಂಡರು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ರಿಮೋಟಿನ ಬೆನ್ನ ಮೇಲೆ ಇನ್ನೊಂದು ಕೈಯ ಬೆರಳುಗಳಿಂದ ಒಂದಾದ ಮೇಲೊಂದರಂತೆ ತಟ್ಟುವುದು, ತಬಲಾ ನುಡಿಸಿದ ಹಾಗೆ. ಒಬ್ಬರನ್ನು ನೋಡಿ ಒಬ್ಬರು ಕಲಿತರು, ಕೈಯಲ್ಲಿ ಮಾಡಿ ಮಾಡಿ ಪಳಗಿದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತದವರೆಗೆ ಆಡಿ, ಆ ಆಟವನ್ನೇ ನಿಲ್ಲಿಸಿಬಿಟ್ಟ. ಆಟ ಮುಂದೆ ಹೋಗಲಾರದೆ ಪರದೆ ಸ್ತಬ್ಧವಾಯಿತು. ಮನುಷ್ಯರಲ್ಲಿ ಅಲ್ಲಿಗೆ ಮುಟ್ಟಿದ ಮೊದಲಿಗ ಅವನು. ಇಲ್ಲಿ ವಿಡಿಯೊ ನೋಡಿದ್ದು ಕೆಲಸಕ್ಕೆ ಬಂತು, ಯಾಕೆಂದರೆ ನೋಡಿದವರ ಕೈಯಲ್ಲೂ ರಿಮೋಟ್ ಇತ್ತು.

ನಮ್ಮ ಮಕ್ಕಳು ಯಾಕೆ ನೋಡುತ್ತಾರೆ ಅನ್ನುವುದಕ್ಕೂ ಕಾರಣಗಳಿವೆ, ಅವರನ್ನು ಬೈದು ಪ್ರಯೋಜನವಿಲ್ಲ. ಒಂದು, ದುಡ್ಡು. ಟಿವಿಗೆ ಹಾಕಿ ಗೇಮ್ ಆಡುವ ಪ್ಲೇಸ್ಟೇಷನ್ 5 ಡಬ್ಬಿ ನಮ್ಮ ದೇಶಕ್ಕೆ 2021ರಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ಯಾವ ಮನೆಯಲ್ಲಿ ಅಷ್ಟು ದುಡ್ಡು ಆಟಕ್ಕೆ ಇರುತ್ತೆ? ನೋಡುವುದಾದರೆ ಖರ್ಚಿಲ್ಲ. ಇನ್ನೊಂದು, ಭಾಷೆ. ಇದರ ಬಗ್ಗೆ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಹೆಚ್ಚಿನ ಆಟಗಳು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯ ಹುಡುಗನಿಗೆ ಅಲ್ಲಿ ಏನು ಬರೆದಿದೆ ಅಂತ ತಿಳಿಯುವುದಿಲ್ಲ. ಯೂಟ್ಯೂಬ್‌ನ ಅಣ್ಣ ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ, ತಮಾಷೆ ಮಾಡುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ. ಹುಡುಗ ಅವನ ಜೊತೆ ಹೋಗುತ್ತಾನೆ. ನಾನಾದರೂ ಹೋಗುತ್ತಿದ್ದೆ. ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆಗೆದರೆ ಕನ್ನಡವೂ ಇದೆ. ಅದನ್ನು ಹಾಕಿಕೊಟ್ಟ ದಿನ ನನ್ನ ಮಗನ ಮುಖ ನೋಡಬೇಕಿತ್ತು. ಇಂಥದ್ದು ಇನ್ನೂ ಜಾಸ್ತಿ ಆಟಗಳಲ್ಲಿ ಆಗಬೇಕು, ಕನ್ನಡ ಬಲ್ಲ ಕಂಪ್ಯೂಟರ್ ಹುಡುಗರು ಇದಕ್ಕೆ ಕೈ ಹಾಕಬೇಕು.

ಮೂರನೆಯದು, ನೋಡಿಸುವುದೇ ಈಗ ದೊಡ್ಡ ವ್ಯಾಪಾರ. ಆಟ ಆಡುವುದನ್ನು ನೇರಪ್ರಸಾರ ಮಾಡುವ ಟ್ವಿಚ್ ತಾಣ ಶುರುವಾಗಿದ್ದು 2011ರಲ್ಲಿ. ಮೂರೇ ವರ್ಷಕ್ಕೆ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರ್ ಕೊಟ್ಟು ಕೊಂಡಿತು. ನೋಡುವವರ ಕಣ್ಣಿಗೆ ಅಷ್ಟು ಬೆಲೆ. ಒಂದು ವಿಡಿಯೊ ಮುಗಿಯುವ ಮೊದಲೇ ಮುಂದಿನದು ಸಿದ್ಧವಾಗಿರುತ್ತೆ. ಹಳೆಯ ಆಟಗಳಲ್ಲಿ ಔಟ್ ಅನ್ನುವುದು ಇತ್ತು. ಮೂರು ಲೈಫ್ ಮುಗಿದರೆ ಎದ್ದು ಹೋಗಿ ನೀರು ಕುಡಿಯುತ್ತಿದ್ದೆವು. ವಿಡಿಯೊಗೆ ಔಟ್ ಇಲ್ಲ.

ಆಡುವುದರಲ್ಲೂ ಅಪಾಯ ಇದೆ, ನನಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು, ಅಂದರೆ ಗೇಮಿನ ಗೀಳನ್ನು, ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ಶಟ್ ಅನ್ನುವ ಕ್ಲಿನಿಕ್ ಇದೆ. ಮಗು ಊಟ, ನಿದ್ದೆ, ಶಾಲೆ ಬಿಟ್ಟು ಆಟಕ್ಕೆ ಅಂಟಿಕೊಂಡರೆ ಮುಚ್ಚಿಡದೆ ಅಂಥ ಕಡೆ ಕರೆದುಕೊಂಡು ಹೋಗಿ. ದುಡ್ಡು ಕಟ್ಟಿ ಆಡುವ ಆಟಗಳನ್ನಂತೂ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ, ಒಳ್ಳೆಯದಾಯಿತು. ಆದರೆ ಆ ಸುದ್ದಿ ಬಂದ ವಾರ ನಮ್ಮ ಬೀದಿಯ ಒಬ್ಬರು "ಗೇಮ್ ಎಲ್ಲ ಬ್ಯಾನ್ ಆಯ್ತಂತೆ, ಇನ್ನು ಬರೀ ವಿಡಿಯೊ ನೋಡಪ್ಪ" ಅಂತ ಮಗನಿಗೆ ಹೇಳಿದ್ದನ್ನು ನಾನೇ ಕೇಳಿದೆ. ಹಾಗಲ್ಲ. ಅದೇ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್‌ಗೆ (ಅಂದರೆ ಪಂದ್ಯವಾಗಿ ಆಡುವ ಗೇಮುಗಳಿಗೆ), ದುಡ್ಡಿನ ಬಾಜಿ ಇಲ್ಲದ ಆಟಗಳಿಗೆ ಬೇರೆ ಜಾಗ ಇದೆ. ಜೂಜು ಬೇರೆ, ಆಟ ಬೇರೆ.

ನಮ್ಮಮ್ಮನಿಗೆ 68 ವರ್ಷ. ಅಳಿಗುಳಿ ಮಣೆಯಲ್ಲಿ ಇವತ್ತಿಗೂ ಅವರನ್ನು ಸೋಲಿಸುವುದು ಕಷ್ಟ. ಗುಳಿಯಿಂದ ಹುಣಸೆ ಬೀಜ ಎತ್ತಿದ ಕೂಡಲೇ, ಎಣಿಸದೆಯೇ, ಇದು ಎಲ್ಲಿಗೆ ಮುಟ್ಟುತ್ತೆ ಅಂತ ಅವರ ಅಂಗೈಗೆ ಗೊತ್ತಾಗುತ್ತೆ. ಈ ನೋಡುವ-ಆಡುವ ವಿಷಯ ಅವರಿಗೆ ಹೇಳಿದೆ. "ಅಳಿಗುಳಿ ಮಣೆನ ಪಕ್ಕದಲ್ಲಿ ಕೂತು ನೋಡಿ ಯಾರಾದ್ರೂ ಕಲಿತಾರೇನೇ?" ಅಂದರು. ಅಂದಮೇಲೆ ಅವರ ಕೈಗೇ ಟೆಟ್ರಿಸ್ ಕೊಟ್ಟೆ. ಎರಡು ದಿನ ಬೈದುಕೊಂಡು ಆಡಿದರು. ಮೂರನೇ ದಿನದಿಂದ ಮಧ್ಯಾಹ್ನ ಊಟ ಆದಮೇಲೆ ಅರ್ಧ ಗಂಟೆ ಅವರದ್ದು, ಆ ಹೊತ್ತಿನಲ್ಲಿ ಯಾರೂ ಕೇಳುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ. ಯಾವುದೇ ಆಟದ ವಿಡಿಯೊ ನೋಡಬೇಕಾದರೆ ಆ ಆಟವನ್ನು ಮೊದಲು ಆಡಿರಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮೂರು ದಿನ ತಾನೇ ಒದ್ದಾಡಬೇಕು, ಆಮೇಲೂ ಆಗದಿದ್ದರೆ ಆ ಭಾಗ ಮಾತ್ರ ನೋಡಬಹುದು. ದುಡ್ಡಿಲ್ಲ ಅನ್ನುವವರಿಗೆ ಹೇಳುತ್ತೇನೆ, ಸೂಪರ್‌ಟಕ್ಸ್‌ಕಾರ್ಟ್ ಅಂತ ಕಾರು ಓಡಿಸುವ ಆಟ ಇದೆ, ಪೂರ್ತಿ ಉಚಿತ, ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ನಡೆಯುತ್ತೆ. 2014ರಲ್ಲಿ ಇಟಲಿಯ 19 ವರ್ಷದ ಹುಡುಗ ಮಾಡಿದ 2048 ಅನ್ನುವ ಅಂಕಿ ಜೋಡಿಸುವ ಆಟ ಬ್ರೌಸರಿನಲ್ಲೇ ಸಿಗುತ್ತೆ, ಅದನ್ನು ನಾನು ತರಗತಿಯಲ್ಲೂ ಆಡಿಸಿದ್ದೇನೆ. ಹಳೇ ಟಿವಿ ಗೇಮಿನಂಥ ಡಬ್ಬಿಗಳು ಈಗಲೂ ಆಟಿಕೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಅಂಥದ್ದೇ ಒಂದನ್ನು ಅಣ್ಣ ಈ ಸಲ ರಜೆಗೆ ಬರುವಾಗ ತಂದಿದ್ದ. ಮಕ್ಕಳು ಆಡಲು ಕೂತರು. ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡುತ್ತೇನೆ, ಎರಡೂ ರಿಮೋಟ್ ಹುಡುಗರ ಕೈಯಲ್ಲಿ. ಅಣ್ಣನ ಮಗಳು, ಎಂಟು ವರ್ಷದವಳು, ಹಿಂದೆ ಕೂತು ನೋಡುತ್ತಿದ್ದಾಳೆ. ಮುಂದೆ ಎಲ್ಲಿ ಹಾರಬೇಕು ಅಂತ ಅವಳೇ ಹೇಳಿಕೊಡುತ್ತಿದ್ದಾಳೆ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. 1996 ಆದಮೇಲೆ ಇಷ್ಟು ವರ್ಷ ಕಳೆದಿದೆ, ಹುಡುಗಿಯ ಜಾಗ ಅದೇ. ಮನೆಮನೆಗಳಲ್ಲಿ ಹೀಗೇ ಇದೆ, ಹೋಗಿ ನೋಡಿ. ಹುಡುಗ ಆಡುತ್ತಾನೆ, ಹುಡುಗಿ ನೋಡುತ್ತಾಳೆ, ಇಲ್ಲಾ ನೀರು ತಂದುಕೊಡುತ್ತಾಳೆ. ಅಣ್ಣನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವನೇ ಎದ್ದು ಹೋಗಿ ಮಗನ ಕೈಯಿಂದ ರಿಮೋಟ್ ತೆಗೆದು ಮಗಳಿಗೆ ಕೊಟ್ಟ. ನನ್ನ ಮುಖ ನೋಡಲಿಲ್ಲ. ಅವಳು ಮೊದಲ ಸಲ ಅದೇ ಪ್ರಾಣಿಗೆ ತಾಗಿ ಸತ್ತಳು. "ಅತ್ತೆ, ನನಗೆ ಬರಲ್ಲ" ಅಂದಳು. ಪಕ್ಕದಲ್ಲಿ ಕೂತು ಅವಳ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು, ಎಷ್ಟು ಹೊತ್ತು ಒತ್ತಬೇಕು ಅಂತ ಒಂದೇ ಒಂದು ಸಲ ತೋರಿಸಿದೆ. ರಜೆ ಮುಗಿಯುವ ಹೊತ್ತಿಗೆ ಅವಳು ನಾಲ್ಕನೇ ಸ್ಟೇಜಿನಲ್ಲಿದ್ದಳು. ಅವಳಿಗಾಗಿಯೇ ಆಮೇಲೆ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ 'ರಾಜಿ' ಆಟ ತೆಗೆದಿಟ್ಟಿದ್ದೇನೆ. ಅದರಲ್ಲಿ ಅಕ್ಕ ತನ್ನ ತಮ್ಮನನ್ನು ಬಿಡಿಸಿಕೊಂಡು ಬರಲು ರಾಕ್ಷಸರ ಜೊತೆ ಹೋರಾಡುತ್ತಾಳೆ. ಸ್ವಲ್ಪ ದೊಡ್ಡವಳಾದ ಮೇಲೆ ಆಡಲಿ. ಅದರ ವಿಡಿಯೊ ಮಾತ್ರ ತೋರಿಸಬೇಡ ಅಂತ ಅಣ್ಣನಿಗೆ ಹೇಳಿದ್ದೇನೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಸಿನಿಮಾಕ್ಕೆ ಪುಟ ಇದೆ, ಕ್ರಿಕೆಟ್‌ಗೆ ಪುಟ ಇದೆ, ಅಡುಗೆಗೂ ಇದೆ. ಮಕ್ಕಳ ಪುಟದಲ್ಲಿ ವಾರಕ್ಕೊಂದು ಆಟದ ಬಗ್ಗೆ ಅರ್ಧ ಕಾಲಂ ಕೊಡಿ. ಯಾವ ವಯಸ್ಸಿಗೆ ಸರಿ, ಎಷ್ಟು ದುಡ್ಡು, ಯಾವ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ನಡೆಯುತ್ತೆ, ಎಷ್ಟು ಹೊತ್ತು ಬೇಕು, ಒಳಗೆ ದುಡ್ಡು ಕೇಳುತ್ತಾ ಇಲ್ವಾ, ಇಷ್ಟನ್ನು ತಿಳಿಕನ್ನಡದಲ್ಲಿ ಹೇಳಿದರೆ ಸಾಕು. ಬರೆಯುವವರು ಆ ಆಟವನ್ನು ಸ್ವತಃ ಆಡಿ ಬರೆಯಬೇಕು, ಅದೊಂದೇ ಷರತ್ತು. ಜನ ಸಿಗದಿದ್ದರೆ ಮೊದಲ ನಾಲ್ಕು ವಾರ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ.

ಇಂತಿ,
ಒಬ್ಬ ಶಿಕ್ಷಕಿ, ತಿಪಟೂರು